ಬೀಗ ಕಡತಕ್ಕೆ, ಕೀಲಿಕೈ ಕರ್ನೆಲ್‌ಗೆ

ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. ಪರದೆಗೆ ಪಿನ್ ಅಥವಾ ಪಾಸ್‌ವರ್ಡ್ ಇಟ್ಟಿರುವ ಆಂಡ್ರಾಯ್ಡ್ ಮೊಬೈಲೊಂದನ್ನು ಪೂರ್ತಿಯಾಗಿ ಆರಿಸಿ, ಮತ್ತೆ ಆನ್ ಮಾಡಿ. ಪಿನ್ ಒತ್ತಬೇಡಿ. (ಸಿಮ್‌ಗೇ ಬೇರೆ ಪಿನ್ ಇದ್ದರೆ ಅದನ್ನು ಮಾತ್ರ ಕೊಡಿ.) ಆ ಮೊಬೈಲಿನಲ್ಲಿ ಹೆಸರು ಉಳಿಸಿಕೊಂಡಿರುವ ಗೆಳೆಯರೊಬ್ಬರಿಂದ ಈಗ ಕರೆ ಮಾಡಿಸಿ. ಗಂಟೆ ಬಾರಿಸುತ್ತದೆ. ಆದರೆ ಬಹುತೇಕ ಮೊಬೈಲುಗಳಲ್ಲಿ ಪರದೆಯ ಮೇಲೆ ಬರುವುದು ಬರಿಯ ಸಂಖ್ಯೆ, ಹೆಸರಿಲ್ಲ. ಇನ್ನು ಪಿನ್ ಒತ್ತಿ ಒಳಹೋಗಿ. ಪರದೆಯನ್ನು ಮತ್ತೆ ಲಾಕ್ ಮಾಡಿ, ಇನ್ನೊಮ್ಮೆ ಕರೆ ಮಾಡಿಸಿ. ಈ ಸಲ ಪರದೆ ಲಾಕ್ ಆಗಿದ್ದರೂ ಹೆಸರು ಕಾಣಿಸುತ್ತದೆ!

ಎರಡು ಸಲವೂ ಪರದೆ ಲಾಕ್ ಆಗಿಯೇ ಇತ್ತು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹೆಸರುಗಳ ಪಟ್ಟಿ ಗೂಢಲಿಪಿಯಲ್ಲಿ ಬರೆದಿಟ್ಟ ಒಂದು ಕಡತ. ಮೊದಲ ಸಲ ಅದನ್ನು ಬಿಡಿಸುವ ಕೀಲಿಕೈ ಮೊಬೈಲಿನ ಸ್ಮೃತಿಯಲ್ಲಿ ಇರಲಿಲ್ಲ. ಪಿನ್ ಒತ್ತಿದೊಡನೆ ಬಂತು. ಪರದೆ ಮುಚ್ಚಿದಾಗ ಅದು ಹಿಂದಿರುಗಲಿಲ್ಲ, ಅಲ್ಲೇ ಕುಳಿತಿತ್ತು. ಅದು ಬಂದು ಕುಳಿತ ಜಾಗ ಯಾವುದು, ಅದನ್ನು ಅಲ್ಲಿಗೆ ಯಾರು ತಲುಪಿಸಿದರು, ಯಾವಾಗ ಅದು ಅಲ್ಲಿಂದ ಏಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಈ ಲೇಖನ ಸಾಗುತ್ತದೆ.

ಮೊದಲೇ ಒಂದು ಮಾತು. ಉತ್ತರ ಕರ್ನಾಟಕದ ಕಡೆ ‘ಕೀಲಿ’ ಎಂದರೆ ಬೀಗ, ‘ಕೀಲಿಕೈ’ ಎಂದರೆ ಅದನ್ನು ತೆಗೆಯುವ ಸಾಧನ. ದಕ್ಷಿಣದವರಿಗೆ ಕೀಲಿ ಎಂದರೇ ಬೀಗದ ಕೈ. ಗೊಂದಲವಾಗದಿರಲೆಂದು ಇಲ್ಲಿ ಮುಚ್ಚುವುದಕ್ಕೆ ‘ಬೀಗ’ ಎಂದೂ ತೆಗೆಯುವುದಕ್ಕೆ ‘ಕೀಲಿಕೈ’ ಎಂದೂ ಬಳಸಿದ್ದೇನೆ. ಬೀಗದ ಗಟ್ಟಿತನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಎಇಎಸ್’ ಗೂಢಲಿಪಿಯ 256 ಬಿಟ್ ಕೀಲಿಕೈಯನ್ನು ಊಹಿಸಲು ಹೊರಟರೆ ಇರುವ ಸಾಧ್ಯತೆಗಳು 2ರ ಘಾತ 256. ಅದು 78 ಅಂಕಿಗಳ ಸಂಖ್ಯೆ. ಬುದ್ಧಿ ಇರುವ ಕಳ್ಳ ಅದರ ಗೋಜಿಗೆ ಹೋಗುವುದಿಲ್ಲ. ಕೀಲಿಕೈ ಎಲ್ಲಿಟ್ಟಿದ್ದಾರೆ ಎಂದು ಹುಡುಕುತ್ತಾನೆ.

ಐದು ತಾಲ್ಲೂಕು, ಐದು ಫೋಲ್ಡರು

ಒಂದು ಗಣಕವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಐದು ಫೋಲ್ಡರುಗಳಿವೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಪ್ರತಿಯೊಂದರಲ್ಲೂ ಆಯಾ ತಾಲ್ಲೂಕಿನ ಶಾಲಾ ಮಕ್ಕಳ ವಿವರ: ಹುಟ್ಟಿದ ದಿನಾಂಕ, ತಂದೆತಾಯಿಯರ ದೂರವಾಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಜಮೆಯಾಗುವ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಆರೋಗ್ಯ ತಪಾಸಣೆಯ ಟಿಪ್ಪಣಿ. ಇಂಥ ಮಾಹಿತಿಯನ್ನು ಯಾವ ಶಿಕ್ಷಕರೂ ತಮ್ಮ ಕೈಯಾರೆ ತುಂಬಿಯೇ ಇರುತ್ತಾರೆ. ಒಂದು ಲ್ಯಾಪ್‌ಟಾಪ್ ಬಸ್ಸಿನಲ್ಲಿ ಮರೆತುಹೋದರೆ ಅದರ ಬೆಲೆ ಕೆಲವು ಸಾವಿರ ರೂಪಾಯಿ. ಒಳಗಿರುವ ಮಕ್ಕಳ ವಿವರಕ್ಕೆ ಬೆಲೆ ಕಟ್ಟುವುದು ಹೇಗೆ? ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಗೂಢಲಿಪೀಕರಣವಿಲ್ಲದ ಡಿಸ್ಕನ್ನು ಬಿಚ್ಚಿ ಬೇರೊಂದು ಗಣಕಕ್ಕೆ ಜೋಡಿಸಿದರೆ ಲಾಗಿನ್ ಪಾಸ್‌ವರ್ಡನ್ನು ಕೇಳುವವರೇ ಇರುವುದಿಲ್ಲ.

ಈ ಗಣಕ ಕಲ್ಪನೆಯದು. ತಾಲ್ಲೂಕುಗಳ ಕತೆ ಮಾತ್ರ ನಿಜ. ಈ ಐದನ್ನೇ ಆರಿಸಿಕೊಳ್ಳಲು ಕಾರಣವಿದೆ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅಲ್ಲಿಗೆ ಹೋಯಿತು. 2018ರ ತೀರ್ಮಾನದಂತೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಉಳಿದ ನಾಲ್ಕು ತಾಲ್ಲೂಕು ಮತ್ತು ಹೊಸಪೇಟೆಯ ಜೊತೆ ಅದರೊಳಗೆ ಸೇರಿತು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ಅದೂ ಒಂದು. ಅಂದರೆ ಒಂದು ಕಡೆ ಇಡೀ ತಾಲ್ಲೂಕೇ ಒಡೆಯರನ್ನು ಬದಲಿಸಿತು, ಇನ್ನೊಂದು ಕಡೆ ಒಂದು ತಾಲ್ಲೂಕು ಒಡೆದು ಎರಡಾಯಿತು. ಕಾಗದದ ಕಡತಗಳಾದರೆ ಗಂಟುಕಟ್ಟಿ ಲಾರಿಗೆ ಹಾಕಬಹುದು. ಬೀಗ ಹಾಕಿದ ಕಡತಗಳಲ್ಲಿ ಇವೆರಡೂ ಬೇರೆ ಬೇರೆ ಬಗೆಯ ತೊಂದರೆಗಳು. ಅವುಗಳಿಗೆ ಕೊನೆಯಲ್ಲಿ ಬರೋಣ.

ಕರ್ನೆಲ್ ಎಂಬ ಉಗ್ರಾಣಿ

ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ನೀವು ಬಳಸುವ ಯಾವ ತಂತ್ರಾಂಶವೂ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ‘ಈ ಕಡತ ಕೊಡು’ ಎಂದು ಕರ್ನೆಲ್ಲನ್ನು ಕೇಳುತ್ತದೆ. ಅದು ಉಗ್ರಾಣಿಯಂತೆ ಒಳಗೆ ಹೋಗಿ ತಂದುಕೊಡುತ್ತದೆ. ಒಮ್ಮೆ ತಂದದ್ದನ್ನು ರ‍್ಯಾಮ್‌ನಲ್ಲಿ ಕೈಗೆಟಕುವಂತೆ ಇಟ್ಟುಕೊಂಡೂ ಇರುತ್ತದೆ, ಮತ್ತೆ ಕೇಳಿದರೆ ಬೇಗ ಕೊಡಲು. ಗೂಢಲಿಪಿ ಬಿಡಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಡಿಸ್ಕಿನ ಮೇಲೆ ಸದಾ ಗೂಢಲಿಪಿ, ರ‍್ಯಾಮ್‌ನಲ್ಲಿ ಸಾದಾ ಅಕ್ಷರ, ನಡುವೆ ಕರ್ನೆಲ್. ಮೇಲಿರುವ ತಂತ್ರಾಂಶಗಳಿಗೆ ಇದರ ಸುಳಿವೂ ಇರುವುದಿಲ್ಲ. ಆದರೆ ಇದರಿಂದ ಒಂದು ಸಂಗತಿ ತಪ್ಪಿಸಲಾಗದಂತೆ ಬರುತ್ತದೆ. ಕಡತ ತೆರೆದಿರುವಷ್ಟು ಕಾಲವೂ ಕೀಲಿಕೈ ಕರ್ನೆಲ್‌ನ ಕೈಯಲ್ಲಿ ಇರಲೇಬೇಕು.

ಇಡೀ ಡಿಸ್ಕಿಗೆ ಒಂದೇ ಬೀಗ ಹಾಕುವ ಪದ್ಧತಿ ಹಳೆಯದು. ಲಿನಕ್ಸ್‌ನಲ್ಲಿ ‘ಡಿಎಂ-ಕ್ರಿಪ್ಟ್’, ‘ಲಕ್ಸ್’ ಎಂಬ ಹೆಸರುಗಳನ್ನು ಕೇಳಿರಬಹುದು. ಒಬ್ಬರೇ ಬಳಸುವ ಲ್ಯಾಪ್‌ಟಾಪಿಗೆ ಅದು ಸಾಕು, ನನ್ನ ಮಟ್ಟಿಗೆ ಅದೇ ಉತ್ತಮ. ನಮ್ಮ ಐದು ಫೋಲ್ಡರುಗಳ ಗಣಕಕ್ಕೆ ಸಾಲದು. ಬೆಳಿಗ್ಗೆ ಒಬ್ಬರು ಬಂದು ತಲೆಬಾಗಿಲು ತೆಗೆದರೆ ಐದೂ ಕೋಣೆಗಳು ತೆರೆದಂತೆಯೇ. ಹಡಗಲಿಯವರು ಹಡಗಲಿಯದನ್ನು ಮಾತ್ರ ತೆರೆಯುವಂತಾಗಬೇಕಾದರೆ ಬೀಗ ಕಡತ ವ್ಯವಸ್ಥೆಯ ಮಟ್ಟಕ್ಕೆ ಇಳಿಯಬೇಕು.

ಕರ್ನಾಟಕದ ಅನೇಕ ಪ್ರೌಢಶಾಲಾ ಶಿಕ್ಷಕರು 2011ರಿಂದೀಚೆಗೆ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಸಿದ್ದಾರೆ. ಹಳೆಯ ಉಬುಂಟುವನ್ನು ಅಳವಡಿಸುವಾಗ ‘ನನ್ನ ಹೋಮ್ ಫೋಲ್ಡರನ್ನು ಗೂಢಲಿಪೀಕರಿಸು’ ಎಂಬ ಆಯ್ಕೆ ಬರುತ್ತಿತ್ತು. ಅದರ ಹಿಂದೆ ಇದ್ದದ್ದು ‘ಇಕ್ರಿಪ್ಟ್‌ಎಫ್‌ಎಸ್’. ಕಡತ ವ್ಯವಸ್ಥೆಯ ಮೇಲೆ ಇನ್ನೊಂದು ಪದರವಾಗಿ ಕೂರುತ್ತಿದ್ದ ಇದನ್ನು 2018ರ ಆವೃತ್ತಿಯಿಂದ ಅಳವಡಿಕೆಯ ಪಟ್ಟಿಯಲ್ಲಿ ಕೈಬಿಟ್ಟರು. ಆ ವೇಳೆಗೆ ಬೇರೆ ದಾರಿ ಬಂದಿತ್ತು. 2015ರಲ್ಲಿ ಲಿನಕ್ಸ್ 4.1ರೊಂದಿಗೆ ‘ಇಎಕ್ಸ್‌ಟಿ4’ ಕಡತ ವ್ಯವಸ್ಥೆಯೊಳಗೇ ಗೂಢಲಿಪೀಕರಣ ಸೇರಿತು. ಮುಂದೆ ಬೇರೆ ಕಡತ ವ್ಯವಸ್ಥೆಗಳೂ ಹಂಚಿಕೊಳ್ಳುವಂತೆ ಅದನ್ನು ಪ್ರತ್ಯೇಕ ಭಾಗವಾಗಿ ಮಾಡಿದರು. ಅದರ ಹೆಸರು ‘ಎಫ್‌ಎಸ್‌ಕ್ರಿಪ್ಟ್’. ಆಂಡ್ರಾಯ್ಡ್ 7ರಲ್ಲಿ, ಅಂದರೆ 2016ರಲ್ಲಿ, ಬಂದ ಕಡತವಾರು ಗೂಢಲಿಪೀಕರಣ ಇದನ್ನೇ ಆಧರಿಸಿದೆ; ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬರುವ ಹೊಸ ಮೊಬೈಲುಗಳಿಗೆ ಕಡ್ಡಾಯವಾಯಿತು. ಆರಂಭದ ಪ್ರಯೋಗದಲ್ಲಿ ನೀವು ಕಂಡದ್ದು ಅದರ ಕೆಲಸವನ್ನೇ.

ಪಾಸ್‌ವರ್ಡ್ ಕೀಲಿಕೈ ಅಲ್ಲ

ನಾವು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಕೀಲಿಕೈಯಾಗಲು ಯೋಗ್ಯವಲ್ಲ. ನಾಲ್ಕು ಅಂಕಿಗಳ ಪಿನ್‌ಗೆ ಇರುವ ಸಾಧ್ಯತೆಗಳು ಕೇವಲ 10,000. ಪ್ರತಿ ಯತ್ನಕ್ಕೆ ಒಂದು ಸೆಕೆಂಡು ಹಿಡಿದರೂ ಎಲ್ಲವನ್ನೂ ಮುಗಿಸಲು 2 ಗಂಟೆ 47 ನಿಮಿಷ ಸಾಕು. ಯಾವ ಅರ್ಥವೂ ಇಲ್ಲದಂತೆ ಯಾದೃಚ್ಛಿಕವಾಗಿ ಆರಿಸಿದ ಎಂಟು ಇಂಗ್ಲಿಷ್ ಸಣ್ಣಕ್ಷರಗಳಾದರೆ 26ರ ಘಾತ 8, ಸುಮಾರು 20,883 ಕೋಟಿ. ಅದೇ ವೇಗದಲ್ಲಿ ಸುಮಾರು 6,600 ವರ್ಷ. ಸಾವಿರ ಗಣಕ ಹೂಡಿದರೆ ಆರೂವರೆ ವರ್ಷ ಎಂಬುದನ್ನೂ ಲೆಕ್ಕ ಹಾಕಿ ನೋಡಿ. ಊರಿನ ಹೆಸರಿನ ಮುಂದೆ 123 ಸೇರಿಸಿದವರಿಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಇಲ್ಲಿ ‘ಒಂದು ಸೆಕೆಂಡು’ ಎಂಬುದು ತಾನಾಗಿ ಬರುವುದಿಲ್ಲ. ಬೇಕೆಂದೇ ನಿಧಾನ ಮಾಡಿದ ಲೆಕ್ಕವೊಂದರ ಮೂಲಕ ಪಾಸ್‌ವರ್ಡನ್ನು ಹಾಯಿಸಬೇಕು. 2015ರಲ್ಲಿ ಇಂಥ ವಿಧಾನಗಳ ಸ್ಪರ್ಧೆಯಲ್ಲಿ ಗೆದ್ದ ‘ಆರ್ಗಾನ್2’ ಸಮಯದ ಜೊತೆಗೆ ಧಾರಾಳ ಸ್ಮೃತಿಯನ್ನೂ ಬೇಡುತ್ತದೆ, ಸಾವಿರಾರು ಯತ್ನಗಳನ್ನು ಅಗ್ಗದಲ್ಲಿ ಒಟ್ಟಿಗೆ ನಡೆಸಲಾಗದಂತೆ. ಪಾಸ್‌ವರ್ಡಿನ ಜೊತೆ ಯಾದೃಚ್ಛಿಕ ಅಂಕಿಗಳನ್ನೂ ಬೆರೆಸುತ್ತಾರೆ. ಇದಕ್ಕೆ ‘ಉಪ್ಪು’ ಎಂದೇ ಹೆಸರು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಫಲಿತಾಂಶ ಬೇರೆಯಾಗುತ್ತದೆ. ಮೊಬೈಲಿನಲ್ಲಿ ಪಿನ್ ಚಿಕ್ಕದಾದ್ದರಿಂದ ಇಷ್ಟು ಸಾಲದು. ಕರ್ನೆಲ್‌ನಿಂದಲೂ ಪ್ರತ್ಯೇಕವಾದ ಭದ್ರ ಯಂತ್ರಾಂಶ ಭಾಗವೊಂದು ತಪ್ಪು ಯತ್ನಗಳ ನಡುವೆ ಕಾಯಿಸುತ್ತಾ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಬರುವ ಫಲಿತಾಂಶದಿಂದ ಕಡತಗಳಿಗೆ ಬೀಗ ಹಾಕುವುದಿಲ್ಲ. ಫೋಲ್ಡರಿನ ಕೀಲಿಕೈಯನ್ನು ಗಣಕ ಯಾದೃಚ್ಛಿಕವಾಗಿ ತಯಾರಿಸುತ್ತದೆ. ಅದಕ್ಕೂ ನಿಮ್ಮ ಪಾಸ್‌ವರ್ಡಿಗೂ ಸಂಬಂಧವಿಲ್ಲ. ಈ ‘ಮೂಲ ಕೀಲಿಕೈ’ಯನ್ನು ಪಾಸ್‌ವರ್ಡಿನಿಂದ ಬಂದ ಕೀಲಿಕೈಯಿಂದ ಮುಚ್ಚಿ, ಆ ಮುಚ್ಚಿದ ಪೊಟ್ಟಣವನ್ನು ಡಿಸ್ಕಿನ ಮೇಲೆ ಇಡುತ್ತದೆ. ಕೀಲಿಕೈಯನ್ನು ಒಂದು ಡಬ್ಬಿಯಲ್ಲಿಟ್ಟು, ಡಬ್ಬಿಗೆ ಬೀಗ ಹಾಕಿದಂತೆ. ಸುತ್ತುಬಳಸು ಎನಿಸಿದರೂ ಲಾಭ ದೊಡ್ಡದು. ಪಾಸ್‌ವರ್ಡ್ ಬದಲಿಸಿದಾಗ ಆ ಡಬ್ಬಿಯೊಂದನ್ನು ಬದಲಿಸಿದರಾಯಿತು, ಒಳಗಿನ ಲಕ್ಷ ಕಡತಗಳನ್ನು ಮತ್ತೆ ಬರೆಯಬೇಕಿಲ್ಲ. ಒಂದೇ ಮೂಲ ಕೀಲಿಕೈಗೆ ಎರಡು ಡಬ್ಬಿಗಳನ್ನೂ ಮಾಡಬಹುದು: ಒಂದು ದಿನಬಳಕೆಗೆ, ಇನ್ನೊಂದು ಆಪತ್ತಿಗೆ.

ಶಾಲೆಯ ಗಣಕ ಕೊಠಡಿ ನೋಡಿಕೊಳ್ಳುವವರು ಇಲ್ಲೊಂದು ಸಂಗತಿ ಗಮನಿಸಬೇಕು. ಸಹೋದ್ಯೋಗಿ ಪಾಸ್‌ವರ್ಡ್ ಮರೆತರೆಂದು ನಿರ್ವಾಹಕರು ‘ರೂಟ್’ ಆಗಿ ಹೊಸದನ್ನು ಕೊಟ್ಟರೆ ಲಾಗಿನ್ ಆಗುತ್ತದೆ, ಫೋಲ್ಡರು ಮಾತ್ರ ತೆರೆಯುವುದಿಲ್ಲ. ಡಬ್ಬಿಯ ಬೀಗ ಹಳೆಯ ಪಾಸ್‌ವರ್ಡಿನದೇ. ಹಳೆಯದು ಗೊತ್ತಿಲ್ಲದೆ ಹೊಸ ಡಬ್ಬಿ ಮಾಡಲು ಯಾವ ನಿರ್ವಾಹಕನಿಗೂ ಸಾಧ್ಯವಿಲ್ಲ.

ಈ ಪಾಸ್‌ವರ್ಡ್, ಉಪ್ಪು, ಡಬ್ಬಿಗಳ ವ್ಯವಹಾರವೆಲ್ಲ ಕರ್ನೆಲ್‌ನ ಹೊರಗೆ, ಸಾಮಾನ್ಯ ತಂತ್ರಾಂಶದಲ್ಲಿ ನಡೆಯುತ್ತದೆ. ಕರ್ನೆಲ್‌ಗೆ ತಲುಪುವುದು ಬಿಚ್ಚಿದ ಮೂಲ ಕೀಲಿಕೈ ಮಾತ್ರ. ಅದನ್ನು ತಲುಪಿಸಿದವರು ಯಾರು ಎಂಬ ಪ್ರಶ್ನೆಗೆ ಇದೇ ಉತ್ತರ.

ಒಂದು ಕೀಲಿಕೈಯಿಂದ ಸಾವಿರ

ಕೂಡ್ಲಿಗಿ ಫೋಲ್ಡರಿನಲ್ಲಿ ಹತ್ತು ಸಾವಿರ ಕಡತಗಳಿದ್ದರೆ ಎಲ್ಲಕ್ಕೂ ಒಂದೇ ಕೀಲಿಕೈ ಬಳಸಬಹುದಲ್ಲ? ತೊಂದರೆ ಹೀಗಿದೆ. ಕಡತವನ್ನು ತುಂಡುತುಂಡಾಗಿ ಗೂಢಲಿಪೀಕರಿಸುವಾಗ ತುಂಡಿನ ಕ್ರಮಸಂಖ್ಯೆಯನ್ನೂ ಲೆಕ್ಕದಲ್ಲಿ ಬೆರೆಸುತ್ತಾರೆ, ಒಂದೇ ಕಡತದ ಎರಡು ಸಮಾನ ತುಂಡುಗಳು ಒಂದೇ ಬಗೆಯ ಗೂಢಲಿಪಿ ಆಗದಿರಲೆಂದು. ಆದರೆ ಎರಡು ಬೇರೆ ಕಡತಗಳ ಮೂರನೆಯ ತುಂಡು ಒಂದೇ ಆಗಿದ್ದರೆ? ಕೀಲಿಕೈಯೂ ಕ್ರಮಸಂಖ್ಯೆಯೂ ಒಂದೇ; ಗೂಢಲಿಪಿಯೂ ಒಂದೇ. ಬೀಗ ಒಡೆಯದೆಯೇ, ಯಾವ ಇಬ್ಬರು ಮಕ್ಕಳ ಅರ್ಜಿಗಳು ಹೋಲುತ್ತವೆ ಎಂದು ಹೇಳಿಬಿಡಬಹುದು.

ಆದ್ದರಿಂದ ಪ್ರತಿ ಕಡತ ಹುಟ್ಟುವಾಗ ಕರ್ನೆಲ್ ಅದಕ್ಕೆ 16 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯನ್ನು ಕೊಡುತ್ತದೆ. ಇದು ಗುಟ್ಟಲ್ಲ, ಡಿಸ್ಕಿನ ಮೇಲೆ ಕಡತದ ಪಕ್ಕದಲ್ಲೇ ಬರೆದಿರುತ್ತದೆ. ಮೂಲ ಕೀಲಿಕೈ ಮತ್ತು ಈ ಸಂಖ್ಯೆಯನ್ನು ಬೆರೆಸಿ ಆ ಕಡತಕ್ಕೇ ಸಲ್ಲುವ ಮರಿ ಕೀಲಿಕೈಯನ್ನು ತಯಾರಿಸುತ್ತಾರೆ.

ಬೆರೆಸುವುದು ಹೇಗೆ ಎಂಬುದರಲ್ಲಿ ಮೊದಲ ಆವೃತ್ತಿಯ ವಿನ್ಯಾಸಕಾರರು ಎಡವಿದರು. ಅವರು ಕಡತದ ಸಂಖ್ಯೆಯನ್ನೇ ಎಇಎಸ್‌ನ ಕೀಲಿಕೈಯಂತೆ ಬಳಸಿ, ಅದರಿಂದ ಮೂಲ ಕೀಲಿಕೈಯನ್ನು ಗೂಢಲಿಪೀಕರಿಸಿ, ಬಂದದ್ದನ್ನು ಮರಿ ಎಂದರು. ವಿದ್ಯಾರ್ಥಿಗಳು ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬಹುದು, ದೋಷ ಎಲ್ಲಿದೆ ಎಂದು. ಗೂಢಲಿಪೀಕರಣ ಹಿಂದುಮುಂದು ಎರಡೂ ದಿಕ್ಕಿನಲ್ಲಿ ನಡೆಯುವ ಕ್ರಿಯೆ. ಒಂದೇ ಒಂದು ಕಡತದ ಮರಿ ಕೀಲಿಕೈ ಹೇಗಾದರೂ ಬಯಲಾದರೆ, ಪಕ್ಕದಲ್ಲೇ ಬರೆದಿರುವ ಸಂಖ್ಯೆಯಿಂದ ಅದನ್ನು ಬಿಡಿಸಬಹುದು. ಸಿಗುವುದು ಮೂಲ ಕೀಲಿಕೈ, ಅದರೊಂದಿಗೆ ಇಡೀ ಫೋಲ್ಡರು! 2019ರ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರ ಎರಡನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಈಗ ಬಳಸುವ ‘ಎಚ್‌ಕೆಡಿಎಫ್’ ಎಂಬ ಕ್ರಿಯೆ ಏಕಮುಖ. ಜೋಳ ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಕಾಳು ಬರುವುದಿಲ್ಲ.

ಯಾರ ಜೇಬಿನಲ್ಲಿ?

ಇನ್ನು ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಕರ್ನೆಲ್‌ನೊಳಗೆ ಕೀಲಿಕೈಗಳನ್ನು ಇಟ್ಟುಕೊಳ್ಳಲೆಂದೇ ಒಂದು ಸೌಕರ್ಯ 2004ರ ಕೊನೆಯಲ್ಲಿ ಲಿನಕ್ಸ್ 2.6.10ರೊಂದಿಗೆ ಬಂತು, ಬರೆದವರು ಡೇವಿಡ್ ಹೋವೆಲ್ಸ್. ಇಲ್ಲಿ ಕೀಲಿಕೈಗಳನ್ನು ಗೊಂಚಲುಗಳಲ್ಲಿ ಪೋಣಿಸಿಡುತ್ತಾರೆ. ಗೊಂಚಲು ಒಬ್ಬ ಬಳಕೆದಾರನದಾಗಿರಬಹುದು, ಒಂದು ಲಾಗಿನ್ ಅವಧಿಯದಾಗಿರಬಹುದು, ಓಡುತ್ತಿರುವ ಒಂದೇ ತಂತ್ರಾಂಶದ್ದೂ ಆಗಿರಬಹುದು. ಎಫ್‌ಎಸ್‌ಕ್ರಿಪ್ಟ್ ಮೊದಲಿಗೆ ಇದನ್ನೇ ನೆಚ್ಚಿತು. ಕಡತ ಕೇಳಿದ ತಂತ್ರಾಂಶದ ಗೊಂಚಲಿನಲ್ಲಿ ಕೀಲಿಕೈ ಇದೆಯೇ? ಇದ್ದರೆ ಕೊಡು, ಇಲ್ಲವಾದರೆ ‘ಬೇಕಾದ ಕೀಲಿಕೈ ಲಭ್ಯವಿಲ್ಲ’ ಎಂದು ಹೇಳು. ಕೇಳಲು ನ್ಯಾಯವಾಗಿಯೇ ಇದೆ. ಪ್ರತಿಯೊಬ್ಬರ ಜೇಬಿನಲ್ಲಿ ಅವರವರ ಕೀಲಿಕೈ.

ಆದರೆ ಕೂಡ್ಲಿಗಿಯ ಗುಮಾಸ್ತರು ಲಾಗಿನ್ ಆಗಿ ಫೋಲ್ಡರು ತೆರೆದಿದ್ದಾರೆ ಎಂದುಕೊಳ್ಳಿ. ಅದೇ ಗಣಕಕ್ಕೆ ಅವರೇ ಜಾಲದ ಮೂಲಕ ಇನ್ನೊಂದು ಕಡೆಯಿಂದ ಲಾಗಿನ್ ಆದರು. ಅದು ಹೊಸ ಅವಧಿ. ಅದರ ಗೊಂಚಲಿನಲ್ಲಿ ಕೀಲಿಕೈ ಇಲ್ಲ. ಹಾಗಾದರೆ ಏನೂ ಕಾಣಬಾರದು ತಾನೇ? ಕೆಲವು ಕಡತ ಕಾಣುತ್ತವೆ! ಮೊದಲ ಅವಧಿಯಲ್ಲಿ ತೆರೆದಿದ್ದ ಕಡತಗಳನ್ನು ಕರ್ನೆಲ್ ಆಗಲೇ ಬಿಡಿಸಿ ರ‍್ಯಾಮ್‌ನಲ್ಲಿ ಇಟ್ಟಿದೆ, ಮತ್ತು ಆ ಸಂಗ್ರಹ ಇಡೀ ಗಣಕಕ್ಕೆ ಒಂದೇ. ಉಳಿದವು ಅರ್ಥವಿಲ್ಲದ ಉದ್ದುದ್ದ ಹೆಸರುಗಳಾಗಿ ತೋರುತ್ತವೆ. ಒಂದೇ ಫೋಲ್ಡರು, ಎರಡು ಕಿಟಕಿ, ಎರಡು ನೋಟ. ರಾತ್ರಿ ಹೊತ್ತು ನಕಲು ತೆಗೆಯಲು ಓಡುವ ತಂತ್ರಾಂಶದ ಪಾಡು ಇನ್ನೂ ಕಷ್ಟ. ಅದರ ಗೊಂಚಲು ಖಾಲಿ. ಕೀಲಿಕೈ ಇಲ್ಲದೆ ಈ ಕಡತಗಳ ನಕಲು ತೆಗೆಯಲಾಗುವುದಿಲ್ಲ. ನಕಲು ಆಗಿದೆ ಎಂದು ನಂಬಿ ಕುಳಿತವರಿಗೆ ಡಿಸ್ಕು ಕೆಟ್ಟ ದಿನ ನಿಜ ತಿಳಿಯುತ್ತದೆ.

ತಪ್ಪು ಎಲ್ಲಿತ್ತೆಂದರೆ, ತೆರೆದಿದೆಯೋ ಮುಚ್ಚಿದೆಯೋ ಎಂಬುದು ಫೋಲ್ಡರಿನ ಸ್ಥಿತಿ, ಕೇಳುವವನ ಸ್ಥಿತಿಯಲ್ಲ. ಕೋಣೆಯ ಬಾಗಿಲು ತೆರೆದಿದ್ದರೆ ಎಲ್ಲರಿಗೂ ತೆರೆದೇ ಇರುತ್ತದೆ. ಆದ್ದರಿಂದ 5.4ನೇ ಆವೃತ್ತಿಯಲ್ಲಿ ಗೂಗಲ್‌ನ ಎರಿಕ್ ಬಿಗ್ಗರ್ಸ್ ತಂದ ಬದಲಾವಣೆಯಂತೆ ಗೊಂಚಲು ಜನರ ಜೇಬಿನಿಂದ ಕಡತ ವ್ಯವಸ್ಥೆಗೇ ವರ್ಗವಾಯಿತು. ಕೀಲಿಕೈ ಸೇರಿಸಿದರೆ ಫೋಲ್ಡರು ಇಡೀ ಗಣಕಕ್ಕೆ ತೆರೆಯುತ್ತದೆ. ಹಾಗಾದರೆ ಹಡಗಲಿಯವರು ಕೂಡ್ಲಿಗಿಯದನ್ನು ಓದಬಹುದೇ? ಓದಲಾಗದು, ಅದನ್ನು ತಡೆಯುವುದು ಎಂದಿನ ಕಡತ ಅನುಮತಿಗಳ ಕೆಲಸ. ಗೂಢಲಿಪಿ ಕದ್ದ ಡಿಸ್ಕಿನಿಂದ ಕಾಪಾಡುತ್ತದೆ, ಅನುಮತಿ ಪಕ್ಕದವರಿಂದ. ಇವೆರಡನ್ನು ಬೆರೆಸಿದ್ದೇ ಮೊದಲಿನ ಗೊಂದಲದ ಬೇರು ಎಂದು ನನಗೆ ತೋರುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಬಿರುಕನ್ನೂ ಮುಚ್ಚಿದರು. ಮೊದಲ ಆವೃತ್ತಿಯಲ್ಲಿ ಫೋಲ್ಡರಿನ ಮೇಲೆ ‘ಇಂಥ ಹೆಸರಿನ ಕೀಲಿಕೈ ಬೇಕು’ ಎಂಬ 8 ಬೈಟ್‌ಗಳ ಚೀಟಿ ಇರುತ್ತಿತ್ತು. ಚೀಟಿಯನ್ನು ಯಾರು ಬೇಕಾದರೂ ಯಾವ ಕೀಲಿಕೈಗೆ ಬೇಕಾದರೂ ಅಂಟಿಸಬಹುದಿತ್ತು, ಕರ್ನೆಲ್ ಪರೀಕ್ಷಿಸುತ್ತಿರಲಿಲ್ಲ. ತಪ್ಪು ಕೀಲಿಕೈ ಕೊಟ್ಟು ಇನ್ನೊಬ್ಬರ ಕಡತ ಕಸದಂತೆ ತೋರುವಂತೆ ಮಾಡಲು ಸಾಧ್ಯವಿತ್ತು. ಈಗ ಚೀಟಿ 16 ಬೈಟ್‌ಗಳದು. ಕೀಲಿಕೈಯಿಂದಲೇ ಲೆಕ್ಕ ಹಾಕಿ ಬಂದದ್ದು. ಸರಿಯಾದ ಕೀಲಿಕೈ ಇಲ್ಲದೆ ಚೀಟಿ ಹೊಂದುವುದಿಲ್ಲ.

ಕೀಲಿಕೈ ಹಿಂದಿರುಗಿಸುವುದು

ಕೊಡುವುದಕ್ಕಿಂತ ಹಿಂದಿರುಗಿಸುವುದು ಕಷ್ಟ. ಹಳೆಯ ವಿಧಾನದಲ್ಲಿ ಗೊಂಚಲಿನಿಂದ ಕೀಲಿಕೈ ತೆಗೆದರೂ, ಆಗಲೇ ತೆರೆದ ಕಡತಗಳ ಮರಿ ಕೀಲಿಕೈಗಳು ಕರ್ನೆಲ್‌ನಲ್ಲಿ ಉಳಿಯುತ್ತಿದ್ದವು; ಅವನ್ನು ಓಡಿಸಲು ಇಡೀ ಗಣಕದ ಸಂಗ್ರಹವನ್ನೇ ಖಾಲಿ ಮಾಡಿಸಬೇಕಿತ್ತು. ಹೊಸ ವಿಧಾನದಲ್ಲಿ ‘ಕೀಲಿಕೈ ತೆಗೆ’ ಎಂದರೆ ಕರ್ನೆಲ್ ಮೊದಲು ಮೂಲ ಕೀಲಿಕೈಯನ್ನು ಅಳಿಸುತ್ತದೆ, ಆಮೇಲೆ ಅದರಿಂದ ತೆರೆದ ಒಂದೊಂದೇ ಕಡತವನ್ನು ರ‍್ಯಾಮ್‌ನಿಂದ ಹೊರಹಾಕುತ್ತದೆ. ಯಾರಾದರೂ ಒಂದು ಕಡತವನ್ನು ತೆರೆದಿಟ್ಟುಕೊಂಡೇ ಇದ್ದರೆ ಅದನ್ನು ಕಿತ್ತುಕೊಳ್ಳುವುದಿಲ್ಲ. ‘ಪೂರ್ತಿ ಆಗಲಿಲ್ಲ, ಇನ್ನೂ ಬಳಕೆಯಲ್ಲಿರುವ ಕಡತಗಳಿವೆ’ ಎಂದು ತಿಳಿಸುತ್ತದೆ. ಒಂದೇ ಕೀಲಿಕೈಯನ್ನು ಇಬ್ಬರು ಸೇರಿಸಿದ್ದರೆ ಇಬ್ಬರೂ ತೆಗೆಯುವವರೆಗೆ ಫೋಲ್ಡರು ಮುಚ್ಚುವುದಿಲ್ಲ.

ಮೊಬೈಲಿನ ಎರಡನೆಯ ಕರೆ ಈಗ ಅರ್ಥವಾಗುತ್ತದೆ. ಪರದೆ ಲಾಕ್ ಮಾಡಿದಾಗ ಆಂಡ್ರಾಯ್ಡ್ ಈ ತೆಗೆಯುವ ಕೆಲಸವನ್ನು ಮಾಡುವುದಿಲ್ಲ. ಮಾಡಿದರೆ ಸಂದೇಶ, ಸಂಗೀತ, ಕರೆಯ ಹೆಸರು ಎಲ್ಲವೂ ನಿಂತುಹೋಗುತ್ತವೆ. ಕೀಲಿಕೈ ಹೋಗುವುದು ಮೊಬೈಲ್ ಆರಿಸಿದಾಗಲೇ. ಲ್ಯಾಪ್‌ಟಾಪಿನ ಮುಚ್ಚಳ ಮಡಚಿ ಮಲಗಿಸಿದಾಗಲೂ ಹೀಗೆಯೇ: ರ‍್ಯಾಮ್‌ಗೆ ವಿದ್ಯುತ್ ಇದೆ, ಕೀಲಿಕೈಯೂ ಇದೆ. ‘ಹೈಬರ್ನೇಟ್’ ಇನ್ನೂ ಅಪಾಯ. ಅದು ರ‍್ಯಾಮ್‌ನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆಯುತ್ತದೆ, ಕೀಲಿಕೈಯನ್ನೂ ಸೇರಿಸಿ. ಆ ಜಾಗಕ್ಕೂ ಗೂಢಲಿಪೀಕರಣ ಇಲ್ಲದಿದ್ದರೆ ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿದಂತೆ. ವಿದ್ಯುತ್ ಹೋದ ಕ್ಷಣಕ್ಕೇ ರ‍್ಯಾಮ್ ಖಾಲಿಯಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು ರ‍್ಯಾಮ್ ಚಿಪ್ಪನ್ನು ತಣ್ಣಗೆ ಮಾಡಿದರೆ ಅದರಲ್ಲಿನ ಮಾಹಿತಿ ನಿಮಿಷಗಳವರೆಗೆ ಉಳಿಯುವುದನ್ನು ತೋರಿಸಿ, ಅದರಿಂದ ಡಿಸ್ಕಿನ ಕೀಲಿಕೈಗಳನ್ನು ಹೆಕ್ಕಿದ್ದರು.

ನಿರ್ವಾಹಕರಿಂದ ರಕ್ಷಣೆ ಇದೆಯೇ? ಫೋಲ್ಡರು ತೆರೆದಿರುವಾಗ ಇಲ್ಲ. ‘ರೂಟ್’ ಅಧಿಕಾರ ಉಳ್ಳವರು ಕರ್ನೆಲ್‌ನ ಸ್ಮೃತಿಯನ್ನೇ ನೋಡಬಲ್ಲರು. 2006ರ ಸುಮಾರಿಗೆ ಕಾನ್ಪುರದ ಐಐಟಿಯಲ್ಲಿ ರೂಪಿಸಿದ ‘ಟ್ರಾನ್ಸ್‌ಕ್ರಿಪ್ಟ್’ ಎಂಬ ಕಡತ ವ್ಯವಸ್ಥೆ ನಿರ್ವಾಹಕರನ್ನೂ ನಂಬದೆ ನಡೆಯಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಎಫ್‌ಎಸ್‌ಕ್ರಿಪ್ಟ್ ಅಷ್ಟು ದೂರದ ಮಾತು ಕೊಡುವುದಿಲ್ಲ. ಕಡತಗಳ ಹೆಸರನ್ನೂ ಒಳಗಿನದನ್ನೂ ಅಡಗಿಸುತ್ತದೆ. ಗಾತ್ರ, ತಾರೀಖು, ಎಷ್ಟು ಕಡತಗಳಿವೆ ಎಂಬುದನ್ನು ಅಡಗಿಸುವುದಿಲ್ಲ. ಕೀಲಿಕೈ ಇಲ್ಲದವರು ಓದಲಾರರು, ಆದರೆ ಅನುಮತಿ ಇದ್ದರೆ ಅಳಿಸಬಲ್ಲರು!

ಒಡೆದ ತಾಲ್ಲೂಕು, ಕೈಬದಲಾದ ತಾಲ್ಲೂಕು

ಈಗ ಕೊಟ್ಟೂರು. ಹೊಸ ತಾಲ್ಲೂಕಿಗೆ ಸಲ್ಲುವ ಕಡತಗಳೆಲ್ಲ ಕೂಡ್ಲಿಗಿ ಫೋಲ್ಡರಿನಲ್ಲಿ, ಕೂಡ್ಲಿಗಿಯ ಮೂಲ ಕೀಲಿಕೈಯ ಅಡಿಯಲ್ಲಿವೆ. ಸಾಮಾನ್ಯವಾಗಿ ಒಂದೇ ಡಿಸ್ಕಿನಲ್ಲಿ ಕಡತವನ್ನು ಸರಿಸುವುದು ಕಣ್ಣು ಮಿಟುಕಿಸುವ ಕೆಲಸ. ಕರ್ನೆಲ್ ಒಳಗಿನದನ್ನು ಮುಟ್ಟದೆ ಹೆಸರನ್ನಷ್ಟೇ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬರೆಯುತ್ತದೆ. ಕೊಟ್ಟೂರು ಫೋಲ್ಡರಿಗೆ ಬೇರೆ ಕೀಲಿಕೈ ಇದ್ದರೆ ಕರ್ನೆಲ್ ಇದನ್ನು ಒಪ್ಪುವುದಿಲ್ಲ. ಅದೇ ಡಿಸ್ಕು ಆಗಿದ್ದರೂ ‘ಇದು ಬೇರೆ ಡಿಸ್ಕು ಎಂದು ತಿಳಿ’ ಎಂಬರ್ಥದ ಉತ್ತರ ಕೊಡುತ್ತದೆ. ಆಗ ಸರಿಸುವ ತಂತ್ರಾಂಶ ಪ್ರತಿ ಕಡತವನ್ನೂ ಓದಿ, ಹೊಸ ಕೀಲಿಕೈಯಲ್ಲಿ ಬರೆದು, ಹಳೆಯದನ್ನು ಅಳಿಸುತ್ತದೆ. ಗಂಟೆಗಟ್ಟಲೆ ಹಿಡಿದರೆ ಗಾಬರಿ ಬೇಡ, ಅದು ಆಗಬೇಕಾದ ಕೆಲಸವೇ. ಇನ್ನೊಂದು ನಿಯಮ: ಬೀಗವನ್ನು ಖಾಲಿ ಫೋಲ್ಡರಿಗೆ ಮಾತ್ರ ಹಾಕಬಹುದು. ತುಂಬಿದ ಸಾದಾ ಫೋಲ್ಡರಿಗೆ ಆಮೇಲೆ ಬೀಗ ಹಾಕಲಾಗದು. ಹೊಸದಕ್ಕೆ ನಕಲು ಮಾಡಿ ಹಳೆಯದನ್ನು ಅಳಿಸಿದರೂ, ಅಳಿಸಿದ ಸಾದಾ ಅಕ್ಷರಗಳ ಕುರುಹು ಡಿಸ್ಕಿನಲ್ಲಿ, ಮುಖ್ಯವಾಗಿ ಪೆನ್‌ಡ್ರೈವ್‌ನಂಥ ಫ್ಲ್ಯಾಶ್ ಸಾಧನಗಳಲ್ಲಿ, ಉಳಿಯಬಹುದು. ಮೊದಲ ದಿನವೇ ಬೀಗ ಹಾಕಿ ಆಮೇಲೆ ತುಂಬುವುದು ಕ್ಷೇಮ.

ಹರಪನಹಳ್ಳಿಯದು ಮೇಲ್ನೋಟಕ್ಕೆ ಸುಲಭ. ಅದಕ್ಕೆ ಮೊದಲಿನಿಂದಲೂ ತನ್ನದೇ ಮೂಲ ಕೀಲಿಕೈ ಇದೆ. ಹೊಸ ಜಿಲ್ಲೆಯವರಿಗೆ ಹೊಸ ಪಾಸ್‌ವರ್ಡಿನ ಡಬ್ಬಿ ಮಾಡಿಕೊಟ್ಟು, ಹಳೆಯ ಡಬ್ಬಿಯನ್ನು ಅಳಿಸಿದರಾಯಿತು, ಒಂದು ಕಡತವನ್ನೂ ಮುಟ್ಟಬೇಕಿಲ್ಲ. ಉಳಿದ ನಾಲ್ಕರ ಕೀಲಿಕೈಗಳೂ ಅಲುಗುವುದಿಲ್ಲ. ಆದರೆ ಹಳೆಯವರು ಹಳೆಯ ಡಬ್ಬಿಯ ಒಂದು ನಕಲನ್ನು ಎಂದಾದರೂ ತೆಗೆದಿಟ್ಟಿದ್ದರೆ, ಅವರಿಗೆ ಹಳೆಯ ಪಾಸ್‌ವರ್ಡ್ ನೆನಪಿದ್ದರೆ, ಒಳಗಿರುವ ಮೂಲ ಕೀಲಿಕೈ ಇಂದಿಗೂ ಅದೇ. ಡಬ್ಬಿ ಬದಲಿಸಿದ್ದರಿಂದ ಬೀಗ ಬದಲಾಗಲಿಲ್ಲ. ಹಿತ್ತಾಳೆಯ ಕೀಲಿಕೈಯನ್ನು ವಾಪಸ್ ಪಡೆದಂತೆ ಅಂಕಿಗಳನ್ನು ವಾಪಸ್ ಪಡೆಯಲಾಗದು. ಹಸ್ತಾಂತರ ನಿಜವಾಗಿ ಮುಗಿಯಬೇಕಾದರೆ ಹೊಸ ಕೀಲಿಕೈಯ ಹೊಸ ಫೋಲ್ಡರು ತೆರೆದು ಎಲ್ಲವನ್ನೂ ಅದಕ್ಕೆ ನಕಲು ಮಾಡುವುದೊಂದೇ ದಾರಿ. ಪಾಸ್‌ವರ್ಡ್ ಬದಲಿಸಿ ಕೈತೊಳೆದುಕೊಳ್ಳುವ ಕಚೇರಿಗಳು ಇದನ್ನು ಗಮನಿಸಬೇಕು. ವರ್ಗಾವಣೆಯಾದ ಶಿಕ್ಷಕರ ಲ್ಯಾಪ್‌ಟಾಪಿಗೂ ಇದೇ ನಿಯಮ.

ಕೀಲಿಕೈ ಕಳೆದರೆ ಬೀಗ ಒಡೆಸಲು ಇಲ್ಲಿ ಯಾರೂ ಸಿಗುವುದಿಲ್ಲ. ಮೊಬೈಲನ್ನು ಮಾರುವ ಮುನ್ನ ‘ಫ್ಯಾಕ್ಟರಿ ರೀಸೆಟ್’ ಮಾಡಿದಾಗ ಕೆಲವೇ ನಿಮಿಷದಲ್ಲಿ ಎಲ್ಲವೂ ಅಳಿಯುವುದು ಈ ಗುಣದಿಂದಲೇ. ಕೀಲಿಕೈಯನ್ನು ನಾಶ ಮಾಡಿದರೆ ಉಳಿದದ್ದು ಬರಿಯ ಗದ್ದಲ. ಆದ್ದರಿಂದ ಎರಡನ್ನು ಕಾಪಾಡಿಕೊಳ್ಳಬೇಕು. ಲಿನಕ್ಸ್‌ನ ಎಫ್‌ಎಸ್‌ಕ್ರಿಪ್ಟ್ ಸಾಧನ ಮುಚ್ಚಿದ ಡಬ್ಬಿಗಳನ್ನು ಅದೇ ಡಿಸ್ಕಿನಲ್ಲಿ, ಚುಕ್ಕಿಯಿಂದ ಆರಂಭವಾಗುವ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಅದು ಅಳಿದರೆ ಸರಿಯಾದ ಪಾಸ್‌ವರ್ಡೂ ಕೆಲಸಕ್ಕೆ ಬಾರದು. ಅದರ ನಕಲು ಬೇರೆ ಕಡೆ ಇರಲಿ. ಇನ್ನೊಂದು, ಆಪತ್ತಿನ ಪಾಸ್‌ವರ್ಡ್. ಅದು ಉದ್ದವಾಗಿರಲಿ, ಕಾಗದದ ಮೇಲಿರಲಿ, ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ಕಪಾಟು ಸೇರಲಿ. ಲಕೋಟೆಯ ಹೊರಗೆ ಫೋಲ್ಡರಿನ ಹೆಸರಿನ ಜೊತೆ, 16 ಬೈಟ್‌ಗಳ ಆ ಚೀಟಿಯನ್ನು 32 ಅಕ್ಷರಗಳಲ್ಲಿ ಬರೆದಿಡಿ. ಅದು ಗುಟ್ಟಲ್ಲ. ಮುಂದೆ ಆ ಕುರ್ಚಿಗೆ ಬರುವವರು ಮುದ್ರೆ ಒಡೆಯುವ ಮೊದಲೇ, ಇದು ಕೂಡ್ಲಿಗಿಯ ಲಕೋಟೆಯೋ ಕೊಟ್ಟೂರಿನದೋ ಎಂದು ಗಣಕದಲ್ಲಿ ತಾಳೆ ನೋಡಿಕೊಳ್ಳಬಹುದು.